ಕಾಫಿ ಗುಡ್ಡ ಹತ್ತುತ್ತದೆಯೇ?

ಜನವರಿಯಲ್ಲಿ ಅಕಾಲದ ಮಳೆ ಬಿದ್ದು ವಾರ ಕಳೆದ ಮೇಲೆ ಮಲೆನಾಡಿನ ಯಾವುದಾದರೂ ರೋಬಸ್ಟಾ ತೋಟಕ್ಕೆ ಹೋಗಿ ನೋಡಿ. ಒಂದೇ ರೆಂಬೆಯಲ್ಲಿ ಇತ್ತ ಕೆಂಪು ಹಣ್ಣಿನ ಗೊಂಚಲು, ಅತ್ತ ಬಿಳಿ ಹೂ. ಹಣ್ಣು ಕೊಯ್ಯಲು ಕೈ ಹಾಕಿದರೆ ಮುಂದಿನ ವರ್ಷದ ಫಸಲು ಉದುರುತ್ತದೆ. ಬಿಟ್ಟರೆ ಈ ವರ್ಷದ್ದು ನೆಲ ಸೇರುತ್ತದೆ.

'ಬಿಸಿ ಏರಿದರೆ ಬೆಳೆಯೂ ಗುಡ್ಡ ಏರುತ್ತದೆ, ಕೆಳಗೆ ಕಳೆದದ್ದು ಮೇಲೆ ಸಿಗುತ್ತದೆ' ಎನ್ನುವವರನ್ನು ಈ ರೆಂಬೆಯ ಮುಂದೆ ನಿಲ್ಲಿಸಬೇಕು ಅನಿಸುತ್ತದೆ ನನಗೆ.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು. ಹಾಗಾಗಿ ಒಂದು ಡಿಗ್ರಿ ಬಿಸಿ ಹೆಚ್ಚಿದರೆ ಹಳೆಯ ತಂಪನ್ನು ಹುಡುಕಿಕೊಂಡು 150 ಮೀಟರಿನಷ್ಟು ಮೇಲೆ ಹೋಗಬೇಕು. ಹಿಮಾಚಲದ ಸೇಬು ಹಾಗೇ ಹೋಯಿತು. ಕುಲ್ಲು ಕಣಿವೆಯ ತಗ್ಗಿನಲ್ಲಿ ಚಳಿ ಸಾಲದಾಗಿ, ಕಿನ್ನೌರ್, ಲಾಹೌಲ್-ಸ್ಪಿತಿ ಕಡೆ ತೋಟಗಳು ಎದ್ದವು. ಅಲ್ಲಿ ಏರಲು ಹಿಮಾಲಯವಿದೆ. ನಮ್ಮ ಅರೇಬಿಕಾ ಈಗಾಗಲೇ 1,000ದಿಂದ 1,500 ಮೀಟರ್ ಎತ್ತರದಲ್ಲಿದೆ, ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಏರಿದಷ್ಟೂ ಗುಡ್ಡ ಕಿರಿದಾಗುತ್ತದೆ. ತುದಿಯಲ್ಲಿ ಉಳಿದಿರುವುದು ಗಾಳಿ ಹೊಡೆಯುವ ಹುಲ್ಲುಗಾವಲು ಮತ್ತು ಶೋಲಾ ಕಾಡು. ಹಳ್ಳಗಳು ಹುಟ್ಟುವ ಜಾಗ ಅದು. ಅದನ್ನೇ ಅಗೆದು ಕಾಫಿ ನೆಟ್ಟರೆ ಕೆಳಗಿನ ತೋಟದ ಕೆರೆಗೆ ನೀರೆಲ್ಲಿಂದ ಬರಬೇಕು?

'ಹಾಗಾದರೆ ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದರಾಯಿತು' ಎಂಬ ಮಾತೂ ಕೇಳಿಬರುತ್ತದೆ. ರೋಬಸ್ಟಾ ಬಿಸಿ ತಡೆಯುತ್ತದೆ, ನಿಜ. ಹೂಮಳೆ ತಪ್ಪಿದರೆ ಮಾತ್ರ ತಡೆಯುವುದಿಲ್ಲ. ಒಣ ಹವೆಯಲ್ಲಿ ಮೊಗ್ಗು ನಿದ್ದೆಹೋಗಿರಬೇಕು. ಫೆಬ್ರವರಿ-ಮಾರ್ಚಿನಲ್ಲಿ ಒಂದು ಹದಮಳೆ ಅದನ್ನು ಎಬ್ಬಿಸಬೇಕು. ಆಮೇಲೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಊರೆಲ್ಲ ಮಲ್ಲಿಗೆಯಂಥ ಘಮ. ಬರೀ ತುಂತುರು ಬಿದ್ದು ನಿಂತರೆ ಮೊಗ್ಗು ಅರ್ಧ ಬಿರಿದು ಅಲ್ಲೇ ಕರಟುತ್ತದೆ. ಹೂವಾದ ಮೇಲೂ ಮೂರು ವಾರದೊಳಗೆ ಬ್ಯಾಕಿಂಗ್ ಶವರ್ ಎನ್ನುವ ಇನ್ನೊಂದು ಮಳೆ ಬೇಕು, ಇಲ್ಲವಾದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಒಂದು ಬೆಳೆಯ ಹವಾಮಾನ ವಲಯವೆಂದರೆ ಈ ಹೊತ್ತುಗಳೆಲ್ಲ ಸೇರಿದ್ದು. ತಂಪಿನ ಗೆರೆ ಮೇಲೆ ಸರಿದಾಗ ಮಳೆಯ ಹೊತ್ತು ಅದರ ಹಿಂದೆ ಸರಿಯುವುದಿಲ್ಲ. ಸ್ಪ್ರಿಂಕ್ಲರ್ ಇರುವವರು ಕೆರೆ ನೀರಿನಲ್ಲಿ ಹೂ ಅರಳಿಸಿಕೊಳ್ಳುತ್ತಾರೆ. ಎರಡೆಕರೆಯ ಬೆಳೆಗಾರ ಆಕಾಶ ನೋಡುತ್ತಾನೆ.

ಇನ್ನೊಂದು ನಂಬಿಕೆ ನನ್ನನ್ನು ತುಂಬ ಕಾಡುತ್ತದೆ: ನೆರಳಿನ ಮರ ತೆಗೆದರೆ ಫಸಲು ಹೆಚ್ಚು ಎಂಬುದು. ಬಿಸಿಲು ಬಿದ್ದ ಮೊದಲ ವರ್ಷಗಳಲ್ಲಿ ಹೆಚ್ಚಾಗಲೂಬಹುದು. ಆದರೆ ಬಿಳಿ ಕಾಂಡಕೊರಕ ದುಂಬಿಗೆ ಬೇಕಾದದ್ದೂ ಆ ಬಿಸಿಲೇ. ಮೇಲೆ ಗುಡ್ಡವಿಲ್ಲದ ನಮಗೆ ಸಿಗುವ ತಂಪು ಹಲಸು, ಅತ್ತಿ, ಹೊನ್ನೆಗಳ ಕೆಳಗಿನದು. ಅರೇಬಿಕಾ ತೋಟದಲ್ಲಿ ಎಲೆ ಹಳದಿಯಾಗಿ ಜೋತುಬಿದ್ದ ಗಿಡದ ಕಾಂಡವನ್ನು ಸವರಿ ನೋಡಿ, ತೊಗಟೆಯ ಮೇಲೆ ಉಬ್ಬಿದ ಗೆರೆಯೊಂದು ಬೆರಳಿಗೆ ಸಿಗುತ್ತದೆ. ಒಳಗೆ ಹುಳು ಕೊರೆದುಕೊಂಡು ಹೋದ ದಾರಿ ಅದು. ಅಲ್ಲೇ ನಿಂತು ತಲೆ ಎತ್ತಿ. ಹೆಚ್ಚಿನ ಸಲ ಮೇಲೆ ಕೊಂಬೆ ಇರುವುದಿಲ್ಲ, ಬರೀ ಆಕಾಶ.