ಹಳೆಯ ಆರ್ಕೇಡ್ ಪರದೆಗಳ ದುರಸ್ತಿ

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಪರದೆ, ಅಂದರೆ ಮಾನಿಟರ್, ಮೂಲತಃ ಚಾನೆಲ್ ಹಿಡಿಯುವ ಭಾಗವನ್ನು ತೆಗೆದುಹಾಕಿದ ಟಿವಿಯೇ ಹೊರತು ಬೇರೇನೂ ಅಲ್ಲ. 1972ರಲ್ಲಿ ಅಟಾರಿ ಕಂಪನಿಗಾಗಿ ಪಾಂಗ್ ಆಟದ ಮೂಲಮಾದರಿಯನ್ನು ಕಟ್ಟಿದ ಅಲ್ ಆಲ್ಕಾರ್ನ್ ಅದಕ್ಕೆ ಅಂಗಡಿಯಿಂದ ಕೊಂಡು ತಂದ ಹಿಟಾಚಿಯ ಕಪ್ಪು-ಬಿಳುಪು ಟಿವಿಯನ್ನೇ ಬಳಸಿದ್ದರು. ಮುಂದೆ ಆಟದ ಯಂತ್ರಗಳಿಗೆಂದೇ ಕೆನಡಾದ ಎಲೆಕ್ಟ್ರೋಹೋಮ್, ಅಮೆರಿಕದ ವೆಲ್ಸ್-ಗಾರ್ಡ್‌ನರ್, ಜಪಾನಿನ ಸಾನ್ಯೋ, ನಾನಾವೊ ಮುಂತಾದ ಸಂಸ್ಥೆಗಳು ಮಾನಿಟರುಗಳನ್ನು ತಯಾರಿಸಿದವು. ಆದರೂ ಗಾಜಿನ ಪಿಕ್ಚರ್ ಟ್ಯೂಬು, ಅದರ ಕತ್ತಿಗೆ ತೊಡಿಸಿದ ತಾಮ್ರದ ಸುರುಳಿಗಳ ಯೋಕ್, ಕೆಳಗಿನ ಸರ್ಕ್ಯೂಟ್ ಬೋರ್ಡು, ಕತ್ತಿನ ತುದಿಯ ಚಿಕ್ಕ ಬೋರ್ಡು ಇವೆಲ್ಲ ಮನೆಯ ಟಿವಿಯಲ್ಲಿದ್ದಂತೆಯೇ ಇರುವುದರಿಂದ, ಹಳೆಯ ಟಿವಿಗಳನ್ನು ಬಿಚ್ಚಿ ಬಲ್ಲ ಕುಶಲಿಗೆ ಈ ಪರದೆಗಳ ದುರಸ್ತಿ ಅಪರಿಚಿತ ವಿದ್ಯೆಯೇನಲ್ಲ.

ಪರೀಕ್ಷೆಗೂ ಮೊದಲು ಅಪಾಯದ ಅರಿವು ಬೇಕು. ಹತ್ತೊಂಬತ್ತು ಇಂಚಿನ ಬಣ್ಣದ ಟ್ಯೂಬಿನ ಬೆನ್ನಿಗೆ ರಬ್ಬರ್ ಬಟ್ಟಲಿನಡಿ ಸೇರುವ ತಂತಿಯಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ. ಟ್ಯೂಬಿನ ಗಾಜೇ ಒಂದು ಕೆಪಾಸಿಟರಿನಂತೆ ವರ್ತಿಸುವುದರಿಂದ ಪ್ಲಗ್ ಕಿತ್ತ ಬಳಿಕವೂ ಅದರಲ್ಲಿ ವಿದ್ಯುದಂಶ ಉಳಿದಿರಬಹುದು. ಟ್ಯೂಬಿನ ಹೊರಮೈಯ ಕಪ್ಪು ಲೇಪದ ಮೇಲೆ ಹಾದುಹೋಗುವ ಹೆಣೆದ ತಂತಿಗೆ ಉದ್ದನೆಯ ಸ್ಕ್ರೂಡ್ರೈವರನ್ನು ವೈರಿನಿಂದ ಜೋಡಿಸಿ, ಒಂದೇ ಕೈಯಿಂದ ಅದರ ತುದಿಯನ್ನು ರಬ್ಬರ್ ಬಟ್ಟಲಿನೊಳಗೆ ತೂರಿಸಿ ಆ ಅಂಶವನ್ನು ಹರಿಯಗೊಡುವುದು ರೂಢಿಯ ಕ್ರಮ. ಇದರಷ್ಟೇ ಎಚ್ಚರ ಬೇಡುವುದು ಟ್ಯೂಬಿನ ಕತ್ತು. ಅಲ್ಲಿಯ ಗಾಜು ತೆಳು, ಒಳಗೆ ನಿರ್ವಾತ, ಒಮ್ಮೆ ಬಿರುಕು ಬಿಟ್ಟರೆ ಟ್ಯೂಬು ಮುಗಿದಂತೆ.

ಎಲೆಕ್ಟ್ರೋಹೋಮಿನ ಜಿ07 ಮಾದರಿಯನ್ನು ಉದಾಹರಣೆಗೆ ಇಟ್ಟುಕೊಂಡರೆ ಇನ್ನೊಂದು ಅಪಾಯವೂ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ಮಾರಿದ ಪ್ಯಾಕ್-ಮ್ಯಾನ್ ಯಂತ್ರಗಳಲ್ಲಿ ಬಳಕೆಯಾದ ಈ ಮಾನಿಟರಿನ ಬೋರ್ಡು ಪ್ರತ್ಯೇಕಗೊಳಿಸಿದ ವಿದ್ಯುತ್ತನ್ನು ಬೇಡುತ್ತದೆ; ಅಂದರೆ ಗೋಡೆಯ ಪ್ಲಗ್ಗಿಗೂ ಬೋರ್ಡಿಗೂ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಆಟದ ಪೆಟ್ಟಿಗೆಯೊಳಗೆ ಅದು ಇರುತ್ತದೆ, ಆದರೆ ಮಾನಿಟರನ್ನು ಹೊರತೆಗೆದು ಮೇಜಿನ ಮೇಲಿಟ್ಟು ನೇರವಾಗಿ ಪ್ಲಗ್ಗಿಗೆ ಹಚ್ಚಿದವರು ಮಾನಿಟರನ್ನೂ ಆಟದ ಬೋರ್ಡನ್ನೂ ಒಟ್ಟಿಗೆ ಕಳೆದುಕೊಳ್ಳಬಹುದು, ತಮ್ಮ ಜೀವಕ್ಕೂ ಕುತ್ತು ತಂದುಕೊಳ್ಳಬಹುದು.

ಪರದೆಯ ಮೇಲೆ ಕಾಣುವ ದೋಷವೇ ಅರ್ಧ ರೋಗನಿದಾನ. ಚಿತ್ರವೆಲ್ಲ ಕುಗ್ಗಿ ನಡುವೆ ಒಂದೇ ಒಂದು ಹೊಳೆಯುವ ಗೆರೆ ಉಳಿದರೆ, ಕಿರಣವನ್ನು ಸೆಕೆಂಡಿಗೆ 60 ಬಾರಿ ಮೇಲಿನಿಂದ ಕೆಳಕ್ಕೆ ಒಯ್ಯುವ ವರ್ಟಿಕಲ್ ವಿಭಾಗ ಸತ್ತಿದೆ ಎಂದರ್ಥ. ಪ್ಯಾಕ್-ಮ್ಯಾನಿನಲ್ಲಿ ಪರದೆಯನ್ನೇ ಲಂಬವಾಗಿ ತಿರುಗಿಸಿ ಕೂರಿಸಿರುವುದರಿಂದ ಈ ಗೆರೆ ಅಡ್ಡಕ್ಕೆ ಬದಲು ನೆಟ್ಟಗೆ ಕಾಣುತ್ತದೆ, ಹೊಸಬರು ಇದರಿಂದ ಮೋಸಹೋಗಿ ಕೆಟ್ಟಿರದ ವಿಭಾಗವನ್ನು ಕೆದಕುವುದುಂಟು. ಅಂಥ ಗೆರೆ ಕಂಡ ಕೂಡಲೇ ಬೆಳಕನ್ನು ತಗ್ಗಿಸಬೇಕು, ಇಲ್ಲವಾದರೆ ಒಳಗಿನ ಫಾಸ್ಫರ್ ಎಂಬ ಬೆಳಗುವ ಲೇಪ ಅಲ್ಲಿಯೇ ಸುಟ್ಟುಹೋಗುತ್ತದೆ. ಚಿತ್ರದ ಅಂಚುಗಳು ಅಲೆಅಲೆಯಾಗಿ ಬಳುಕಿದರೆ ಅನುಮಾನ ವಿದ್ಯುತ್ ಪೂರೈಕೆಯ ದೊಡ್ಡ ಕೆಪಾಸಿಟರಿನತ್ತ ಹೋಗಬೇಕು. ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಬಣ್ಣ ಮಾಯವಾಗಿದ್ದರೆ ಆಟದ ಬೋರ್ಡಿನಿಂದ ಬರುವ ಎರಡು ಬಣ್ಣದ ತಂತಿಗಳನ್ನು ಅದಲುಬದಲು ಮಾಡಿ ನೋಡುವುದು ಕಾಸಿಲ್ಲದ, ಆದರೆ ಬಹು ಜಾಣ ಪರೀಕ್ಷೆ: ಪರದೆಯಲ್ಲಿ ಮೊದಲಿನ ಬಣ್ಣವೇ ಇನ್ನೂ ಕಾಣದಿದ್ದರೆ ದೋಷ ಮಾನಿಟರಿನದು, ಕೊರತೆ ಇನ್ನೊಂದು ಬಣ್ಣಕ್ಕೆ ವರ್ಗವಾದರೆ ದೋಷ ಆಟದ ಬೋರ್ಡಿನದು ಅಥವಾ ತಂತಿಯದು. ಮಾನಿಟರಿನದೇ ಎಂದಾದರೆ ಬಹಳ ಸಲ ಕಾರಣ ಕತ್ತಿನ ಬೋರ್ಡಿನಲ್ಲಿ ಶಾಖಕ್ಕೆ ಬಿರುಕುಬಿಟ್ಟ ಬೆಸುಗೆಯಾಗಿರುತ್ತದೆ.

ಬದಲಿಸಬೇಕಾದ ಭಾಗಗಳಲ್ಲಿ ಮೊದಲ ಸ್ಥಾನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳದು. ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ರಾಸಾಯನಿಕ ದ್ರವದಲ್ಲಿ ನೆನೆಸಿದ ಕಾಗದವನ್ನಿಟ್ಟು ಸುತ್ತಿದ ಈ ಪುಟ್ಟ ಡಬ್ಬಿಗಳು ಬಿಸಿಯಲ್ಲಿ ಕಾಲ ಕಳೆದಂತೆ ಒಣಗುತ್ತವೆ, ಸಾಮರ್ಥ್ಯ ಕುಗ್ಗುತ್ತದೆ, ಒಳಗಿನ ಪ್ರತಿರೋಧ ಏರುತ್ತದೆ. ಸಾಮರ್ಥ್ಯವಷ್ಟನ್ನೇ ಅಳೆಯುವ ಮೀಟರು ಸರಿಯಾದ ಅಂಕಿಯನ್ನೇ ತೋರಿಸುತ್ತಿರುವಾಗಲೂ ಪ್ರತಿರೋಧ ಮಿತಿಮೀರಿರಬಹುದಾದ್ದರಿಂದ, ಅದನ್ನು ನೇರವಾಗಿ ಅಳೆಯುವ ಇಎಸ್‌ಆರ್ ಮೀಟರು ಈ ಕೆಲಸಕ್ಕೆ ಹೆಚ್ಚು ನಂಬಿಕಸ್ತ. ಮಾನಿಟರಿನ ಎಲ್ಲ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ಒಂದೇ ಪೊಟ್ಟಣದಲ್ಲಿ ಮಾರುವ ಕ್ಯಾಪ್ ಕಿಟ್ ತಂದು ಸಾರಾಸಗಟು ಬದಲಿಸುವ ಪದ್ಧತಿ ಜನಪ್ರಿಯವಾಗಿದೆ. ನಾಲ್ಕು ದಶಕ ದಾಟಿದ ಭಾಗಗಳ ಮಟ್ಟಿಗೆ ಅದು ತಪ್ಪಲ್ಲ. ಆದರೆ ದೋಷವೇನೆಂದು ತಿಳಿಯದೆ ಕಿಟ್ ಹಾಕುವುದು ದುರಸ್ತಿಯಲ್ಲ, ಹರಕೆ. ಧನ-ಋಣ ತಿರುವುಮುರುವಾಗಿ ಕೂತ ಒಂದೇ ಕೆಪಾಸಿಟರು ಹೊಸ ರೋಗವನ್ನು ತಂದು ಹಳೆಯದನ್ನು ಮರೆಮಾಚುತ್ತದೆ. ಬದಲಿ ಭಾಗದ ಸಾಮರ್ಥ್ಯ ಮೊದಲಿನಷ್ಟೇ, ವೋಲ್ಟಿನ ಮಿತಿ ಮೊದಲಿನಷ್ಟು ಅಥವಾ ಹೆಚ್ಚು, ಶಾಖದ ಮಿತಿ 85ರ ಬದಲು 105 ಡಿಗ್ರಿ ಸೆಲ್ಸಿಯಸ್ ಇರುವುದು ಲೇಸು.

ಫ್ಯೂಸು ಮತ್ತೆ ಮತ್ತೆ ಹಾರುವ ಮಾನಿಟರಿನಲ್ಲಿ ನೋಡಬೇಕಾದದ್ದು ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರು. ಸೆಕೆಂಡಿಗೆ ಸುಮಾರು 15,750 ಬಾರಿ ಸ್ವಿಚ್ಚಿನಂತೆ ತೆರೆದು ಮುಚ್ಚುವ ಇದು ಕಿರಣವನ್ನು ಎಡದಿಂದ ಬಲಕ್ಕೆ ಎಳೆಯುವುದರ ಜೊತೆಗೆ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನ ಮೂಲಕ ಅಧಿಕ ವೋಲ್ಟೇಜನ್ನೂ ಹುಟ್ಟಿಸುತ್ತದೆ. ನಮ್ಮ ಟಿವಿ ಮೆಕ್ಯಾನಿಕ್ಕರು ಎಲ್‌ಒಟಿ ಎನ್ನುವುದು ಈ ಫ್ಲೈಬ್ಯಾಕನ್ನೇ. ಮಲ್ಟಿಮೀಟರಿನಲ್ಲಿ ಕಲೆಕ್ಟರ್-ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಶೂನ್ಯ ತೋರಿಸಿದರೆ ಟ್ರಾನ್ಸಿಸ್ಟರು ಶಾರ್ಟ್ ಆಗಿದೆ. ಆದರೆ ಇಂಥ ಹಲವು ಟ್ರಾನ್ಸಿಸ್ಟರುಗಳ ಒಳಗೇ ಡಯೋಡೂ ಚಿಕ್ಕ ರೆಸಿಸ್ಟರೂ ಅಡಗಿರುವುದರಿಂದ ಬೇಸ್-ಎಮಿಟರ್ ನಡುವೆ ಹತ್ತಾರು ಓಮ್ ಮಾತ್ರ ಕಂಡದ್ದಕ್ಕೆ ಅದನ್ನು ಎಸೆಯಬಾರದು. ಶಾರ್ಟ್ ಆದ ಟ್ರಾನ್ಸಿಸ್ಟರು ಸಾಮಾನ್ಯವಾಗಿ ರೋಗವಲ್ಲ, ರೋಗದ ಬಲಿ. ಸುರುಳಿಗಳ ನಡುವೆ ಶಾರ್ಟ್ ಆದ ಫ್ಲೈಬ್ಯಾಕ್, ಅಂಕೆ ಮೀರಿದ ವೋಲ್ಟೇಜು, ಸರಿಯಾದ ಚಾಲನೆ ಸಿಗದ ಬೇಸ್ ಇವುಗಳಲ್ಲಿ ಯಾವುದೇ ಉಳಿದಿದ್ದರೂ ಹೊಸ ಟ್ರಾನ್ಸಿಸ್ಟರು ಕ್ಷಣಗಳಲ್ಲಿ ಸುಡುತ್ತದೆ. ಜಿ07ರ ಮೂಲ ಫ್ಲೈಬ್ಯಾಕ್ ಕೆಡುವುದಕ್ಕೇ ಹೆಸರಾದದ್ದು.

ಆದ್ದರಿಂದ ಬಲ್ಲವರು ಟ್ರಾನ್ಸಿಸ್ಟರನ್ನು ತೆಗೆದಿಟ್ಟು, ಅದರ ಜಾಗದಲ್ಲಿ ಹೊರೆಯಾಗಿ ತಂತಿಯ ಹಳೇ ಬಲ್ಬೊಂದನ್ನು ಜೋಡಿಸಿ, ಬಿ ಪ್ಲಸ್ ಎಂಬ ಮುಖ್ಯ ವೋಲ್ಟೇಜನ್ನು ಅಳೆಯುತ್ತಾರೆ. ಜಿ07ರಲ್ಲಿ ಅದು 120 ವೋಲ್ಟಿನಲ್ಲಿ ಅಲುಗದೆ ನಿಂತರೆ ಪೂರೈಕೆ ವಿಭಾಗ ನಿರಪರಾಧಿ. ಮೊದಲ ಬಾರಿಗೆ ವಿದ್ಯುತ್ ಕೊಡುವಾಗ, ನಮ್ಮ ಎಲೆಕ್ಟ್ರಿಷಿಯನ್ನರು ಸೀರೀಸ್ ಲ್ಯಾಂಪ್ ಎಂದು ಬಳಸುವ ಬಲ್ಬನ್ನು ದಾರಿಯಲ್ಲಿ ಸೇರಿಸಿದರೆ ಶಾರ್ಟ್ ಉಳಿದಿದ್ದಾಗ ಬಲ್ಬು ಉರಿಯುತ್ತದೆಯೇ ಹೊರತು ಬೋರ್ಡಲ್ಲ. ಇಲ್ಲಿ ಒಂದು ಭಾಗದ ವಿಷಯದಲ್ಲಿ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕುವ ಸ್ವಾತಂತ್ರ್ಯವಿಲ್ಲ: ಔಟ್‌ಪುಟ್ ಟ್ರಾನ್ಸಿಸ್ಟರಿಗೆ ಅಡ್ಡವಾಗಿ ಕೂತ ಫಿಲ್ಮ್ ಕೆಪಾಸಿಟರಿನ ಅಳತೆ ತಗ್ಗಿದರೆ ಟ್ಯೂಬಿನ ವೋಲ್ಟೇಜು ಅಪಾಯದ ಮಟ್ಟಕ್ಕೆ ಏರಿ ಎಕ್ಸ್-ಕಿರಣವೂ ಹೆಚ್ಚುವುದರಿಂದ, ಅದು ಅದೇ ಮೌಲ್ಯದ್ದು, ಅದೇ ಬಗೆಯದು ಆಗಿರಬೇಕು.

ಉಳಿದದ್ದು ಟ್ಯೂಬು. ಬೋರ್ಡಿನ ಪ್ರತಿ ಭಾಗಕ್ಕೂ ಬದಲಿ ಹುಡುಕಬಹುದು, ಆದರೆ ಈ ಟ್ಯೂಬುಗಳ ತಯಾರಿಕೆ ನಿಂತುಹೋಗಿದೆ. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲಕ್ಕೆ ಟಿವಿಗಳಿಗಾಗಿ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನು ತಯಾರಿಸುತ್ತಿತ್ತು. ಟ್ಯೂಬಿನ ಹಿಂತುದಿಯಲ್ಲಿ 6.3 ವೋಲ್ಟಿನ ಹೀಟರು ಕಾಯಿಸುವ ಕ್ಯಾಥೋಡುಗಳು ಎಲೆಕ್ಟ್ರಾನುಗಳನ್ನು ಹೊಮ್ಮಿಸುತ್ತವೆ. ಅವುಗಳ ಮೇಲ್ಮೈ ಮಂಕಾದಾಗ ಚಿತ್ರವೂ ಮಂಕಾಗುತ್ತದೆ. ರಿಜುವಿನೇಟರ್ ಎಂಬ ಸಾಧನ ಕ್ಯಾಥೋಡನ್ನು ಹೆಚ್ಚು ಕಾಯಿಸಿ, ಬಲವಾದ ಪ್ರವಾಹ ಹರಿಸಿ ಆ ಮೇಲ್ಪದರವನ್ನು ಕಿತ್ತುಹಾಕುತ್ತದೆ. ಕೆಲವೊಮ್ಮೆ ಟ್ಯೂಬು ಬೆಳಗುತ್ತದೆ, ಕೆಲವೊಮ್ಮೆ ಅಳಿದುಳಿದ ಕಸುವೂ ಹೋಗುತ್ತದೆ. ಬೇರೆಲ್ಲ ದಾರಿ ಮುಚ್ಚಿದ ಮೇಲಷ್ಟೇ ಇದಕ್ಕೆ ಕೈಹಾಕುವುದು ವಿವೇಕ. ಪ್ಯಾಕ್-ಮ್ಯಾನಿನ ಚಕ್ರವ್ಯೂಹದ ಗೆರೆಗಳು ವರ್ಷಗಟ್ಟಲೆ ಒಂದೇ ಕಡೆ ಬೆಳಗಿ ಫಾಸ್ಫರ್ ಲೇಪದಲ್ಲಿ ಮೂಡಿಸಿದ ಸುಟ್ಟ ಗುರುತಿಗಂತೂ ಔಷಧವೇ ಇಲ್ಲ.

ಅಂಥ ಟ್ಯೂಬಿನ ಬದಲಿಗೆ ಅದೇ ಅಳತೆಯ, ಕತ್ತಿನ ಪಿನ್ನುಗಳು ಹೊಂದುವ ಟಿವಿ ಟ್ಯೂಬನ್ನು ಹಾಕಬಹುದು. ಯೋಕ್ ಮಾತ್ರ ಬೋರ್ಡಿಗೆ ಹೊಂದುವಂಥದ್ದೇ ಆಗಿರಬೇಕು, ಹೊಂದದಿದ್ದರೆ ಹಳೆಯ ಯೋಕನ್ನೇ ಹೊಸ ಟ್ಯೂಬಿಗೆ ತೊಡಿಸಿ, ಕತ್ತಿನ ಕಾಂತದ ಉಂಗುರಗಳನ್ನು ತಿರುಗಿಸುತ್ತ ಮೂರೂ ಬಣ್ಣಗಳು ಒಂದರ ಮೇಲೊಂದು ಕೂರುವವರೆಗೆ ತಾಳ್ಮೆಯಿಂದ ಸರಿಹೊಂದಿಸಬೇಕು. ಆದಕಾರಣ ಅಟ್ಟದಲ್ಲಿ ಹಳೆಯ ಬಣ್ಣದ ಟಿವಿ ಇಟ್ಟುಕೊಂಡಿರುವವರು ಅದನ್ನು ಗುಜರಿಗೆ ಹಾಕಿ ಒಡೆಸುವ ಬದಲು, ಟ್ಯೂಬಿನ ಗಾಜಿನಲ್ಲಿ ಸೀಸವೂ ಇದೆಯೆಂಬುದನ್ನು ನೆನಪಿಟ್ಟು, ದುರಸ್ತಿ ಬಲ್ಲವರಿಗೆ ಇಡಿಯಾಗಿ ಕೊಡಲಿ. ಕೊಳ್ಳುವವರು ಸಿಗದಿದ್ದರೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಲಿ.