ನೂಲಿನಂತೆ ಸೀರೆ, ತಾಯಿಯಂತೆ ಮರಿ

ಜಾತ್ರೆಯಲ್ಲಿ ಕರು ಕೊಳ್ಳಲು ಹೋದ ರೈತ ಬರೀ ಕರುವನ್ನು ನೋಡಿ ದುಡ್ಡು ಎಣಿಸುವುದಿಲ್ಲ. ತಾಯಿ ಎಷ್ಟು ಹಾಲು ಕೊಡುತ್ತಿತ್ತು, ಯಾವ ಹೋರಿಗೆ ಹುಟ್ಟಿದ್ದು ಎಂದು ವಿಚಾರಿಸುತ್ತಾನೆ. ಇಂಥ ವಿಚಾರಣೆಯನ್ನು ತಲೆಮಾರುಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದವರು ಇಂಗ್ಲೆಂಡಿನ ನರಿಬೇಟೆ ನಾಯಿಗಳ ಸಾಕಣೆದಾರರು. ಲಿಂಕನ್‌ಶೈರ್‌ನ ಬ್ರಾಕಲ್ಸ್‌ಬಿ ಎಂಬಲ್ಲಿ 1746ರಿಂದಲೂ ನಾಯಿಗಳ ವಂಶಾವಳಿ ದಾಖಲಾಗಿದೆ.

ಈ ನಾಯಿಯ ಹೆಸರು ಫಾಕ್ಸ್‌ಹೌಂಡ್. ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟಿದರೆ, ಇದು ನೆಲ ಮೂಸಿ ವಾಸನೆಯ ಜಾಡು ಹಿಡಿಯುತ್ತದೆ. ಹಿಂಡಿನಲ್ಲಿ ಗಂಟೆಗಟ್ಟಲೆ ಓಡುತ್ತದೆ, ಜಾಡು ಸಿಕ್ಕೊಡನೆ ದನಿ ಎತ್ತಿ ಜೊತೆಗಾರರಿಗೆ ತಿಳಿಸುತ್ತದೆ. ಇವುಗಳನ್ನು ಎಣಿಸುವುದು ಜೋಡಿ ಲೆಕ್ಕದಲ್ಲಿ: ಇಪ್ಪತ್ತು ಜೋಡಿ ಎಂದರೆ ನಲವತ್ತು ನಾಯಿ.

ನೆರೆಯವನ ಕುರಿದೊಡ್ಡಿಯ ಪಾಠ

ಹ್ಯೂಗೊ ಮೆನೆಲ್ ಎಂಬ ಯುವಕ 1753ರಲ್ಲಿ ಲೆಸ್ಟರ್‌ಶೈರ್‌ನ ಕ್ವಾರ್ನ್ ಹಿಂಡಿನ ಯಜಮಾನಿಕೆ ವಹಿಸಿಕೊಂಡಾಗ ಅವನಿಗೆ ಸುಮಾರು ಹದಿನೆಂಟು ವರ್ಷ. 1800ರವರೆಗೂ ಅವನೇ ಅದನ್ನು ನಡೆಸಿದ. ಚುರುಕು ಮೂಗು, ವೇಗದ ಕಾಲು ಎರಡೂ ಒಂದೇ ನಾಯಿಯಲ್ಲಿ ಇರಬೇಕೆಂಬುದು ಅವನ ಹಟ. ಅದೇ ಸೀಮೆಯಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತ, ಒಳ್ಳೆಯ ಗುಣವಿರುವ ಕುರಿ ದನಗಳನ್ನು ಹತ್ತಿರದ ಸಂಬಂಧದಲ್ಲೇ ಕೂಡಿಸಿ ಆ ಗುಣವನ್ನು ಗಟ್ಟಿ ಮಾಡುತ್ತಿದ್ದ. ಮೆನೆಲ್ ಅದೇ ದಾರಿಯನ್ನು ನಾಯಿಗಳಲ್ಲಿ ಹಿಡಿದ.

ಆದರೆ ಈ ದಾರಿಯಲ್ಲಿ ಅಪಾಯವೂ ಉಂಟು. ಒಡಹುಟ್ಟಿದ ಎರಡು ನಾಯಿಗಳನ್ನು ಕೂಡಿಸಿದರೆ, ಮರಿಗೆ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಂದೇ ಮೂಲದಿಂದ ಬರುವ ಸಂಭವ ನೂರಕ್ಕೆ 25. ಒಳ್ಳೆಯ ಗುಣದಂತೆ ಅಡಗಿದ ರೋಗವೂ ಹಾಗೆಯೇ ಮೇಲೆ ಬರುತ್ತದೆ. ಯಾವ ಮರಿ ಯಾರದ್ದು ಎಂಬ ಲೆಕ್ಕ ಬೇಕಾಗುವುದು ಇದಕ್ಕೇ. ಹೆಸರಿಡುವಲ್ಲೂ ಒಂದು ಜಾಣತನವಿದೆ: ತಾಯಿಯ ಅಥವಾ ತಂದೆಯ ಹೆಸರಿನ ಮೊದಲ ಅಕ್ಷರದಿಂದಲೇ ಮರಿಗಳ ಹೆಸರು ಶುರುವಾಗುತ್ತದೆ. ಹಾಲು ಬಿಟ್ಟ ಮರಿಗಳನ್ನು ಕೆಲವು ತಿಂಗಳು ಸುತ್ತಲಿನ ರೈತರ ಮನೆಗೆ ಬಿಡುತ್ತಾರೆ. ಕೋಳಿ, ಕುರಿ, ಮಕ್ಕಳ ನಡುವೆ ಬೆಳೆದು ಬುದ್ಧಿ ಕಲಿತು ಅವು ಹಿಂಡಿಗೆ ಮರಳುತ್ತವೆ.

ಅಂದದ ಮೋಹ

1878ರಲ್ಲಿ ಪೀಟರ್‌ಬರೋದಲ್ಲಿ ಫಾಕ್ಸ್‌ಹೌಂಡ್ ಪ್ರದರ್ಶನ ಆರಂಭವಾಯಿತು. ಬಹುಮಾನದ ಆಸೆ ಹತ್ತಿತು. ಕಂಬದಂಥ ಕಾಲು, ದಪ್ಪ ಮೂಳೆ, ಬಿಗಿದ ಪಂಜ ಇವೇ ಒಳ್ಳೆಯ ನಾಯಿಯ ಲಕ್ಷಣವೆನಿಸಿದವು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಎಷ್ಟೋ ಹಿಂಡುಗಳಲ್ಲಿ ನೋಡಲು ಭವ್ಯವಾದ, ಓಡಲು ಭಾರವಾದ ನಾಯಿಗಳು ತುಂಬಿಕೊಂಡವು. ವಂಶಾವಳಿಯ ಪುಸ್ತಕ ಶುದ್ಧವಾಗಿತ್ತು, ನಾಯಿ ಸೋತಿತ್ತು.

ದಾರಿ ತೋರಿಸಿದ್ದು ವೇಲ್ಸ್ ಬೆಟ್ಟಗಳ ಒರಟುಗೂದಲ ನಾಯಿ. ಅದಕ್ಕೆ ಅಂದ ಸಾಲದು; ಆದರೆ ಮೂಗು, ಕಂಠ ಅಪ್ಪಟ. ಸರ್ ಎಡ್ವರ್ಡ್ ಕರ್ ವೇಲ್ಸಿನ ಹೆಣ್ಣುಗಳಿಗೆ ಇಂಗ್ಲಿಷ್ ಗಂಡುಗಳನ್ನು ಕೂಡಿಸಿ ಬಿಳಿಯ, ಹಗುರ ಮೈಯ ಹಿಂಡು ಕಟ್ಟಿದರು. ಅವರ ನಂತರ ಐಸಾಕ್ ಬೆಲ್ ಈ ವಾದವನ್ನು ಎತ್ತಿಹಿಡಿದರು. ಹಳಬರು ಸಿಟ್ಟಾದರು. ಆದರೆ ಲೆಕ್ಕ ಸರಳ: ಹೊರಗಿನ ರಕ್ತ ಮೊದಲ ತಲೆಮಾರಿನಲ್ಲಿ ಅರ್ಧ, ಮತ್ತೆ ಮತ್ತೆ ಹಳೆಯ ತಳಿಗೇ ಕೂಡಿಸುತ್ತ ಹೋದರೆ ಕಾಲು, ಅರೆಕಾಲು. ಹಳೆಯ ತಳಿ ಉಳಿಯುತ್ತದೆ, ಕಳೆದ ಕಸುವು ಮರಳುತ್ತದೆ.

ಕೆಲಸ ಹೋದ ಮೇಲೆ?

ನರಿಯನ್ನು ನಾಯಿಗಳಿಂದ ಕೊಲ್ಲಿಸುವುದು ಕ್ರೌರ್ಯ ಎಂಬ ಕೂಗಿಗೆ ಮಣಿದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2004ರಲ್ಲಿ ನಿಷೇಧದ ಕಾನೂನು ಬಂತು. 2005ರ ಫೆಬ್ರುವರಿಯಲ್ಲಿ ಜಾರಿಯಾಯಿತು. ಆಮೇಲೆ ಹಿಂಡುಗಳು ಮನುಷ್ಯರೇ ಎಳೆದ ಕೃತಕ ವಾಸನೆಯ ಜಾಡು ಹಿಡಿದು ಓಡತೊಡಗಿದವು. ಇದು ಬೇಟೆಗೆ ಹೊದಿಸಿದ ಮುಸುಕು ಎಂದು ವಿರೋಧಿಗಳ ಆರೋಪ. ಇದನ್ನೂ ನಿಷೇಧಿಸುವುದಾಗಿ ಲೇಬರ್ ಪಕ್ಷ 2024ರ ಚುನಾವಣೆಯಲ್ಲಿ ಮಾತು ಕೊಟ್ಟಿತು.

ನರಿಯ ಪ್ರಾಣ ಉಳಿಯಬೇಕು ಎಂಬುದರಲ್ಲಿ ನ್ಯಾಯವಿದೆ. ಹಾಗಾದರೆ ತಲೆಮಾರುಗಳ ಈ ನಾಯಿಯ ಗತಿ? ಹಿಂಡಿನಲ್ಲಿ ಬೆಳೆದದ್ದನ್ನು ಮನೆಯಲ್ಲಿ ಕಟ್ಟಿ ಸಾಕುವುದು ಸುಲಭವಲ್ಲ. ಪ್ರದರ್ಶನಕ್ಕಷ್ಟೇ ಉಳಿಸಿದರೆ ಹಳೆಯ ತಪ್ಪೇ ಮರುಕಳಿಸೀತು. ಕೊಲ್ಲದೆಯೂ ಮೂಗಿಗೆ, ಕಾಲಿಗೆ ಕೆಲಸ ಕೊಡಬಲ್ಲ ದಾರಿ ಹುಡುಕುವುದೇ ಉಳಿದ ಉಪಾಯ.

ಈ ಪ್ರಶ್ನೆ ನಮ್ಮದೂ ಹೌದು. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಮುಧೋಳ ನಾಯಿಗೂ ಇಂದು ಮೊಲದ ಬೇಟೆ ಕಾನೂನಿನಂತೆ ನಿಷಿದ್ಧ. ಆ ತಳಿಗಾಗಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ. ಸಾಕುವವರು ಚಂದದ ಜೊತೆಗೆ ಓಟ, ಆರೋಗ್ಯ, ಸ್ವಭಾವವನ್ನೂ ನೋಡಬೇಕಷ್ಟೆ.

ನಿಮ್ಮ ಮನೆಯಲ್ಲಿ ದನ, ಕುರಿ, ನಾಯಿ ಇದ್ದರೆ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಹುಟ್ಟಿದ ದಿನ, ತಾಯಿ, ತಂದೆ, ಬಂದ ರೋಗ, ಕಂಡ ಗುಣ ಎಲ್ಲ ಬರೆಯಲಿ. ಮೂರು ತಲೆಮಾರು ತುಂಬುವ ಹೊತ್ತಿಗೆ ಶಾಲೆಯ ಪುಸ್ತಕದ ಅನುವಂಶೀಯತೆಯ ಪಾಠ ಹಟ್ಟಿಯಲ್ಲೇ ಕಣ್ಣಿಗೆ ಬೀಳುತ್ತದೆ.