ಕಪ್ಪುಕಲ್ಲಿನ ಕಕ್ಕು

ಬೀಸುಕಲ್ಲಿಗೆ ತಕ್ಕ ಕಲ್ಲು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕಲ್ಲಿಗೆ ಬರವಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಪದರಪದರವಾಗಿ ಹರಿದ ಲಾವಾ ತಣಿದು ಬಸಾಲ್ಟ್ ಆಯಿತು. ಈ ಸೀಮೆಯ ಬಹುಭಾಗ ನಿಂತಿರುವುದು ಅದರ ಮೇಲೆಯೇ. ಆ ಶಿಲೆ ಶಿಥಿಲವಾಗಿ ಎರೆಮಣ್ಣಾಯಿತು, ಎರೆಯಲ್ಲಿ ಬಿಳಿಜೋಳ ಬೆಳೆಯಿತು. ಜೋಳ ಬೀಸಿದ್ದೂ ಅದೇ ಶಿಲೆಯಲ್ಲಿ.

ಆದರೆ ಎಲ್ಲ ಕಪ್ಪುಕಲ್ಲೂ ಇದಕ್ಕೆ ಒದಗುವುದಿಲ್ಲ. ಲಾವಾದ ಮೇಲ್ಪದರದಲ್ಲಿ ಅನಿಲದ ಗುಳ್ಳೆಗಳು ಸಿಕ್ಕಿಬಿದ್ದು ಕಲ್ಲು ತೂತುತೂತಾಗಿರುತ್ತದೆ. ತೂತು ಖಾಲಿ ಇದ್ದರೆ ಒಳ್ಳೆಯದೇ, ಕಲ್ಲು ಸವೆದಂತೆ ಹೊಸ ಅಂಚು ತೆರೆದುಕೊಳ್ಳುತ್ತದೆ. ಜರ್ಮನಿಯ ಐಫೆಲ್ ಸೀಮೆಯ ಇಂಥ ಲಾವಾ ಬೀಸುಕಲ್ಲುಗಳು ರೋಮನ್ನರ ಕಾಲದಲ್ಲೇ ಬ್ರಿಟನ್ನಿನವರೆಗೂ ಹೋಗುತ್ತಿದ್ದವು. ದಖ್ಖನಿನಲ್ಲಿ ಮಾತ್ರ ಎಷ್ಟೋ ಕಡೆ ಆ ತೂತುಗಳಲ್ಲಿ ಕ್ಯಾಲ್ಸೈಟ್, ಜಿಯೋಲೈಟ್‌ನಂಥ ಬಿಳಿ ಖನಿಜ ತುಂಬಿಕೊಂಡಿದೆ. ಅವು ಬಸಾಲ್ಟ್‌ಗಿಂತ ಮೆದು; ತಿಕ್ಕಾಟಕ್ಕೆ ಉದುರಿ ಹಿಟ್ಟು ಸೇರುತ್ತವೆ. ಹರಿವಿನ ಒಡಲಲ್ಲಿ ನಿಧಾನವಾಗಿ ತಣಿದ ಕಲ್ಲು ಹಾಗಲ್ಲ. ಅದರ ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಬಿಡುವುದಿಲ್ಲ.

ಕಲ್ಲುಕುಟಿಗ ದಾರ ಹಿಡಿದು ವೃತ್ತ ಎಳೆದು, ಉಳಿ-ಸುತ್ತಿಗೆಯಿಂದ ಎರಡು ಬಿಲ್ಲೆ ಕಡಿಯುತ್ತಾನೆ. ಕೆಳಗಿನದಕ್ಕೆ ನಡುವೆ ಕೀಲ. ಮೇಲಿನದಕ್ಕೆ ನಡುವೆ ಕಾಳು ಹಾಕುವ ಬಾಯಿ, ಅಂಚಿಗೆ ಗೂಟ. ನಿಜವಾದ ಜಾಣ್ಮೆ ಕಾಣದ ಒಳಮೈಯಲ್ಲಿದೆ. ಮೇಲಿನ ಕಲ್ಲಿನ ಅಡಿಮೈ ನಡುವೆ ತುಸು ತಗ್ಗಾಗಿರಬೇಕು. ಆಗ ಬಾಯಿಯ ಬಳಿ ಸಂದು ಅಗಲವಾಗಿದ್ದು, ಅಂಚಿಗೆ ಹೋದಂತೆ ಕಿರಿದಾಗುತ್ತದೆ. ಜೋಳ ಮೊದಲು ಒಡೆದು ನುಚ್ಚಾಗುತ್ತದೆ. ಹಿಂದೆ ಬೀಳುವ ಕಾಳು ತಳ್ಳಿದಂತೆ ಹೊರಗೆ ಸರಿಯುತ್ತ ಅಂಚಿನಲ್ಲಿ ಹಿಟ್ಟಾಗುತ್ತದೆ. ಇಡೀ ಸಂದು ಒಂದೇ ಸಮ ಕಿರಿದಾಗಿದ್ದರೆ ಕಾಳು ಒಳಗೇ ನುಗ್ಗದು.

40 ಸೆಂ.ಮೀ. ಅಗಲ, 8 ಸೆಂ.ಮೀ. ದಪ್ಪದ ಗಟ್ಟಿ ಬಸಾಲ್ಟ್ ಬಿಲ್ಲೆ ಸುಮಾರು 29 ಕೆ.ಜಿ. ತೂಗುತ್ತದೆ. ಆ ಭಾರ ಕಾಳನ್ನು ಒತ್ತುತ್ತದೆ. ಜೊತೆಗೆ ಒಮ್ಮೆ ತಿರುಗತೊಡಗಿದ ಮೇಲೆ, ತೋಳಿನ ಬಲ ಕುಗ್ಗುವ ತಿರುವಿನಲ್ಲೂ ಕಲ್ಲು ತನ್ನ ವೇಗದಲ್ಲೇ ಮುಂದೆ ಸಾಗುತ್ತದೆ. ಸೆಕೆಂಡಿಗೆ ಒಂದು ಸುತ್ತು ಹಾಕಿದರೂ ಅಂಚಿನ ವೇಗ ಸೆಕೆಂಡಿಗೆ ಸುಮಾರು 1.25 ಮೀಟರ್ ಅಷ್ಟೇ. ಹಿಟ್ಟು ಹೆಚ್ಚು ಕಾಯುವುದಿಲ್ಲ. ಹಿಟ್ಟಿನ ನುಣುಪೂ ಮುಖ್ಯ: ಜೋಳದಲ್ಲಿ ಗೋಧಿಯ ಅಂಟಿಲ್ಲ. ರೊಟ್ಟಿ ಹರಿಯದಂತೆ ಹಿಡಿದಿಡುವುದು ಬಿಸಿನೀರಿಗೆ ಅರಳಿದ ಪಿಷ್ಟದ ಜಿಗಿ, ಅದಕ್ಕೆ ಹಿಟ್ಟು ನುಣ್ಣಗಿರಬೇಕು. ಮೊಳಕೆಭಾಗದ ಕೊಬ್ಬು ಹಿಟ್ಟಿನಲ್ಲಿ ಬೇಗ ಕಮಟುವುದರಿಂದ ಆಗಾಗ ಬೀಸಿಕೊಳ್ಳುವುದೇ ಸರಿಯಾಗಿತ್ತು.

ಗಟ್ಟಿ ಕಲ್ಲಿಗೊಂದು ಕೊರತೆಯಿದೆ: ಬಳಸಿದಷ್ಟೂ ನುಣುಪಾಗುತ್ತದೆ. ನುಣುಪಾದ ಕಲ್ಲು ಕಾಳನ್ನು ಕತ್ತರಿಸದೆ ಜಾರಿಸುತ್ತದೆ. ಆದ್ದರಿಂದ ಉಳಿಯ ಮೊನೆಯಿಂದ ಮೈತುಂಬ ಸಣ್ಣ ಗುಳಿ ಹೊಡೆದು ಮತ್ತೆ ಕಕ್ಕು ಹಾಕಬೇಕು, ಅಂದರೆ ಮೈ ಒರಟು ಮಾಡಬೇಕು. ಈಗ ಮನೆಮುಂದೆ ಅಲಂಕಾರಕ್ಕಿಟ್ಟ ಹಳೆಯ ಕಲ್ಲುಗಳಲ್ಲಿ ಬಹಳಷ್ಟು ಕೆಟ್ಟಿರುವುದಿಲ್ಲ, ಕಕ್ಕು ಹೋಗಿರುತ್ತದೆ ಅಷ್ಟೇ. ಕೆಲಸ ಬಲ್ಲವರು ಇರುವಾಗಲೇ ಅವನ್ನು ಸರಿಮಾಡಿಸಿಕೊಳ್ಳಬೇಕು. ಕಕ್ಕು ಹಾಕಿಸಿದ ಮೇಲೆ ಮೊದಲು ಒಂದಿಷ್ಟು ಕಾಳು ಬೀಸಿ ಚೆಲ್ಲಬೇಕು. ಉಳಿಯೇಟಿಗೆ ಎದ್ದ ಕಲ್ಲಿನ ಪುಡಿ ಅದರೊಂದಿಗೇ ಹೊರಬರುತ್ತದೆ.